ದೊರೆಗೆ ಜೇನು ಕಚ್ಚಿದ್ದು

"ಅಲ್ಲಾಡಬೇಡಪ್ಪ ದೊರೆ, ಒಂದೇ ನಿಮಿಷ," ಎನ್ನುತ್ತ ಗಡಿಯಾರ ರಿಪೇರಿಯವನು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಾಯಿಯ ಮೇಲ್ತುಟಿಯನ್ನು ಎಡಗೈಯಿಂದ ಎತ್ತಿ, ಬಲಗೈಯಲ್ಲಿ ಚಿಮಟ ಹಿಡಿದ. ಪಕ್ಕದ ಹಣ್ಣಿನ ರಸದ ಅಂಗಡಿಯ ಸಿಪ್ಪೆ ಬುಟ್ಟಿಗೆ ಮೂತಿ ತೂರಿಸಿ, ಜೇನುಹುಳುವಿನಿಂದ ಕಚ್ಚಿಸಿಕೊಂಡು ಕುಂಯ್‌ಗುಡುತ್ತ ಓಡಿ ಬಂದಿತ್ತು ಅದು. ಕೊಂಡಿ ತುಟಿಯಂಚಿನ ಕೂದಲಲ್ಲಿ ಎಲ್ಲೋ ಹುದುಗಿತ್ತು. ಅವನಿಗೆ ಗಾಬರಿಯೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಹುಮ್ಮಸ್ಸು ಬಂದಿತ್ತು. ಇಷ್ಟು ಸಣ್ಣ ಕೆಲಸ ಅವನದಲ್ಲದೆ ಇನ್ಯಾರದು?

ರಸದ ಅಂಗಡಿಯಾಕೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ವಾರಕ್ಕೊಮ್ಮೆಯಾದರೂ ಜೇನಿನಿಂದ ಕಚ್ಚಿಸಿಕೊಳ್ಳುವ ಹೆಂಗಸು.

"ಚಿಮಟದಲ್ಲಿ ಹುಡುಕ್ತಾ ಕೂರಬೇಡಿ ಅಣ್ಣ. ಉಗುರಲ್ಲೋ ರಟ್ಟಿನ ಅಂಚಲ್ಲೋ ಬೇಗ ಕೆರೆದು ಹಾಕಿ, ತಣ್ಣೀರ ಬಟ್ಟೆ ಇಡಿ. ವಾಂತಿ ಗೀಂತಿ ಮಾಡಿದ್ರೆ ಮಾತ್ರ ನಿಲ್ಲಬೇಡಿ, ಡಾಕ್ಟರ ಹತ್ರ ಓಡಿ."

"ಕೂದಲಿಗಿಂತ ಸಣ್ಣ ಸ್ಪ್ರಿಂಗ್ ಎತ್ತಿಟ್ಟ ಕೈ ಇದು. ನೀವು ಹೋಗಿ ಕಿತ್ತಳೆ ಹಿಂಡಿ," ಎಂದ ಅವನು, ತಲೆ ಎತ್ತದೆ. ಅವಳು ನಕ್ಕು ಹೊರಟುಹೋದಳು.

ನಾಯಿ ಅವನದಲ್ಲ, ತಂಗಿಯದು. ಎಂಟು ಗಂಟೆಗೆ ಮುಂಚೆ ಹಾಸಿಗೆ ಬಿಡದ ಪ್ರಾಣಿಗೆ ದೊರೆ ಎಂದು ಹೆಸರಿಟ್ಟವಳೂ ಅವಳೇ. ಹೊಟ್ಟೆಯ ಆಪರೇಷನ್ನಿಗೆ ಆಸ್ಪತ್ರೆ ಸೇರುವ ಮುನ್ನ, ನಾಲ್ಕು ದಿನದ ಹಿಂದೆ, ಆರು ವರ್ಷದಲ್ಲಿ ಮೊದಲ ಸಲ ಅಣ್ಣನ ಅಂಗಡಿಯ ಮೆಟ್ಟಿಲು ಹತ್ತಿದ್ದಳು. ಅಮ್ಮ ಕಾಯಿಲೆ ಬಿದ್ದಾಗ, ಅವಳಿಗೇಕೆ ಸುಮ್ಮನೆ ಗಾಬರಿ, ನಾನೇ ನೋಡಿಕೊಳ್ಳುತ್ತೇನೆ ಎಂದು ಇವನು ಸುದ್ದಿಯನ್ನೇ ಮುಟ್ಟಿಸಿರಲಿಲ್ಲ. ಅವಳು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂದು ಬಿಟ್ಟ ಮಾತು. ಈಗ ನಾಯಿಯ ಹಗ್ಗವನ್ನು ಅವನ ಕೈಗಿಟ್ಟು, "ನಿನ್ನ ಬಿಟ್ರೆ ಯಾರಿದಾರೆ ಅಣ್ಣ. ಏನೇ ಆದ್ರೂ ಫೋನ್ ಮಾಡು," ಎಂದಿದ್ದಳು. ಅಣ್ಣ ಎಂದು ಕರೆದದ್ದಕ್ಕೇ ಅವನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದ. ನಾಯಿಯನ್ನು ಕೂದಲೂ ಕೊಂಕದಂತೆ ತಿರುಗಿ ಒಪ್ಪಿಸಬೇಕು, ತಂಗಿಯನ್ನು ಇನ್ನೊಮ್ಮೆ ಕಳೆದುಕೊಳ್ಳಬಾರದು ಎಂಬುದೇ ನಾಲ್ಕು ದಿನದಿಂದ ಅವನ ಧ್ಯಾನವಾಗಿತ್ತು.

ಕೊಂಡಿ ಸಿಗಲು ಹತ್ತು ನಿಮಿಷವಾಯಿತು. ಮುರಿಯದೆ ಇಡಿಯಾಗಿ ಬಂದ ಅದನ್ನು ಬಿಳಿ ಕಾಗದದ ಮೇಲಿಟ್ಟು, ದೀಪದ ಕೆಳಗೆ ತಿರುಗಿಸಿ ನೋಡಿ ಖುಷಿಪಟ್ಟ. ಆಗಲೇ ನಾಯಿ ಕುರ್ಚಿಯ ಹಿಂದೆ ವಾಂತಿ ಮಾಡಿತು. ಸಿಪ್ಪೆ ತಿಂದಿದ್ದಕ್ಕೆ ಇರಬೇಕು ಎಂದುಕೊಂಡು ಹಳೇ ಪೇಪರಿನಲ್ಲಿ ಬಳಿದು ಹಾಕಿದ. ಆದರೂ ಮನಸ್ಸು ತಡೆಯದೆ ಫೋನ್ ಕೈಗೆತ್ತಿಕೊಂಡು ತಂಗಿಯ ನಂಬರಿನವರೆಗೂ ಹೋದ. ಹಸಿ ಹೊಲಿಗೆ ಹಾಕಿಸಿಕೊಂಡು ಮಲಗಿದವಳನ್ನು ಹೆದರಿಸುವುದೇಕೆ ಎಂದು ಕೆಳಗಿಟ್ಟ. ಅದೊಂದೇ ಕಾರಣವೂ ಅಲ್ಲ. ನಾಲ್ಕು ದಿನ ನೋಡಿಕೊಳ್ಳೋಕೆ ಆಗಲಿಲ್ವಾ ಎಂದು ಅವಳು ಕೇಳಿಬಿಟ್ಟರೆ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು.

ತುಟಿಗೆ ಒದ್ದೆ ಬಟ್ಟೆ ಒತ್ತಿದ. ನಾಯಿ ಮೇಜಿನ ಕೆಳಗೆ ಮಲಗಿ ಸುಮ್ಮನಾಯಿತು. ಗಿರಾಕಿಯೊಬ್ಬ ವಾಚಿನ ಪಟ್ಟಿ ಬದಲಿಸಲು ಬಂದ. ಕಪ್ಪು ಬೇಡ, ಕಂದು ಕೊಡಿ, ಕಂದೂ ಬೇಡ, ಕಪ್ಪೇ ಇರಲಿ ಎಂದು ಕಾಲು ಗಂಟೆ ತಿಂದ. ಅವನು ಹೋದ ಮೇಲೆ ಬಗ್ಗಿ ನೋಡಿದರೆ ದೊರೆಯ ಒಸಡು ಸುಣ್ಣದಂತೆ ಬಿಳಿಚಿಕೊಂಡಿತ್ತು. ಎಬ್ಬಿಸಿದರೆ ಕಾಲು ನಿಲ್ಲಲಿಲ್ಲ.

ಎದೆಗವುಚಿಕೊಂಡು ಓಡಿದ. ಬಾಗಿಲು ಹಾಕಲೂ ಇಲ್ಲ. ಎರಡು ಬೀದಿ ದಾಟಿದರೆ ಪಶುವೈದ್ಯರ ಕ್ಲಿನಿಕ್ಕು. ಅವರು ಸೂಜಿಯ ಮೇಲೆ ಸೂಜಿ ಚುಚ್ಚಿದರು, ಎದೆ ಒತ್ತಿದರು. ಸ್ವಲ್ಪ ಹೊತ್ತಿಗೆ ಕಿವಿಯಿಂದ ಸ್ಟೆತಾಸ್ಕೋಪ್ ತೆಗೆದು ಕೊರಳಿಗೆ ಹಾಕಿಕೊಂಡರು.

"ಕೊಂಡಿ ನೀಟಾಗೇ ತೆಗೆದಿದೀರಿ," ಎಂದರು, ತುಟಿಯನ್ನು ಮಡಿಚಿ ನೋಡಿ. "ಆದ್ರೆ ಕೆಲವು ನಾಯಿಗೆ ಈ ವಿಷ ಒಗ್ಗಲ್ಲ, ಮೈಯೆಲ್ಲ ಏರಿಬಿಡುತ್ತೆ. ವಾಂತಿ ಆದ ತಕ್ಷಣ ತಂದಿದ್ರೆ..." ದೊರೆಯ ತೆರೆದೇ ಇದ್ದ ಕಣ್ಣುಗಳನ್ನು ಮುಚ್ಚಿದರು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿ ಒಳಗೆ ಬಿಡುತ್ತಾರೆ. ತಂಗಿ ದಿಂಬಿಗೆ ಒರಗಿ ಕೂತಿದ್ದಳು, ತಲೆ ಬಾಚಿಕೊಂಡಿದ್ದಳು. ಅವನನ್ನು ಕಂಡ ಕೂಡಲೇ, "ಹೇಗಿದಾನೆ ದೊರೆ? ನಿನ್ನ ಹಾಸಿಗೆ ಕಿತ್ಕೊಂಡು ನಿನ್ನನ್ನ ನೆಲಕ್ಕೆ ತಳ್ಳಿರಬೇಕು," ಎಂದು ನಕ್ಕಳು.

ದಾರಿಯುದ್ದಕ್ಕೂ ಅವನು ಎರಡು ಮೂರು ಸುಳ್ಳು ಜೋಡಿಸಿಕೊಂಡು ಬಂದಿದ್ದ. ಒಂದೂ ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದ. ರಸದ ಅಂಗಡಿಯಾಕೆ ಹೇಳಿದ್ದನ್ನು, ಚಿಮಟ ಹಿಡಿದು ಕೂತ ಹತ್ತು ನಿಮಿಷವನ್ನು, ವಾಚಿನ ಪಟ್ಟಿಯನ್ನು, ಫೋನ್ ಎತ್ತಿ ಕೆಳಗಿಟ್ಟಿದ್ದನ್ನು.

ತಂಗಿ ಹೊದಿಕೆಯ ಅಂಚನ್ನು ಮಡಚಿ, ಮತ್ತೆ ಬಿಚ್ಚಿದಳು.

"ಹೋದ ವರ್ಷಾನೂ ಕಚ್ಚಿತ್ತು," ಎಂದಳು. "ಮುಖ ಎಲ್ಲ ಊದಿ, ವಾಂತಿ ಮಾಡ್ಕೊಂಡು ಬಿದ್ದಿದ್ದ. ಇಂಜೆಕ್ಷನ್ ಹಾಕಿಸಿ ಉಳಿಸ್ಕೊಂಡೆ. ಇನ್ನೊಂದು ಸಲ ಕಚ್ಚಿದ್ರೆ ಐದು ನಿಮಿಷಾನೂ ಕಾಯಬೇಡಿ ಅಂದಿದ್ರು ಡಾಕ್ಟರು."

"ನೀನು ಹೇಳಿರಲಿಲ್ಲ."

"ಕೇಳಿದ್ರೆ ಹೇಳ್ತಿದ್ದೆ ಅಣ್ಣ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆರು ವರ್ಷದ ಹಿಂದೆ ಇದ್ದ ಸಿಟ್ಟು ಇವತ್ತೂ ಇರಬಾರದಿತ್ತೇ ಎಂದು ಅವನಿಗೆ ಅನ್ನಿಸಿತು.

ನರ್ಸ್ ಬಂದು ಅವಳ ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟು, ಮಾತಾಡಬೇಡಿ ಎಂದು ಹೇಳಿ ಪಕ್ಕದ ಮಂಚಕ್ಕೆ ಹೋದಳು. ತಂಗಿ ತುಟಿ ಬಿಗಿದು ಗೋಡೆಯ ಕಡೆ ನೋಡುತ್ತ ಕೂತಳು. ಕಣ್ಣೀರು ಗದ್ದದವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ಅವನು ಸ್ಟೂಲಿನ ತುದಿಯಲ್ಲಿ ಕುಳಿತು, ನರ್ಸ್ ಈಚೆ ಬರುವುದು ಇನ್ನಷ್ಟು ತಡವಾಗಲಿ ಎಂದುಕೊಂಡ.