ಹೆರಿಗೆ ವಾರ್ಡಿನ ನಗು

ಹೆರಿಗೆ ವಾರ್ಡಿನ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುವಾಗಲೂ ಆಯಾ ಚೌಡಕ್ಕನ ಬಾಯಿ ಸುಮ್ಮನಿರುತ್ತಿರಲಿಲ್ಲ. ನೋವು ತಿನ್ನುತ್ತ ಮಲಗಿದ್ದ ಕೊಟ್ಟೂರು ಕಡೆಯ ಹುಡುಗಿಯೊಬ್ಬಳ ಸೀರೆ ಸರಿಸಿದವಳೇ, "ಏನವ್ವಾ, ಹಡಿಯಾಕ ಬಂದೀಯೋ, ಜಾಲಿ ಅಡವಿ ತೋರ್ಸಾಕ ಬಂದೀಯೋ? ಕೂಸು ದಾರಿ ತಪ್ಪೀತು!" ಎಂದಳು. ಪಕ್ಕದ ಮಂಚದವರು ಕಿಸಕ್ಕೆಂದರು. ಹುಡುಗಿ ಗೋಡೆಗೆ ಮುಖ ತಿರುಗಿಸಿದಳು.

ಕೆಳಗಿನ ಕೂದಲು ಬೋಳಿಸಿಕೊಂಡೇ ಬರಬೇಕೆಂಬ ನಿಯಮ ಆಸ್ಪತ್ರೆಯಲ್ಲಿರಲಿಲ್ಲ. ಅದರ ಅಗತ್ಯವೇ ಇಲ್ಲ, ಬ್ಲೇಡಿನ ಗಾಯವೇ ಸೋಂಕಿಗೆ ದಾರಿ ಎಂದು ಡಾಕ್ಟರಮ್ಮ ಹಲವು ಸಲ ಹೇಳಿದ್ದರು. ಚೌಡಕ್ಕ ತಲೆಯಾಡಿಸುತ್ತಿದ್ದಳು. ಅವಳ ಪಾಲಿಗೆ ಅದು ಬೈಗುಳವಲ್ಲ, ತಮಾಷೆ. ನಾಲ್ಕು ಜನ ನಕ್ಕರೆ ವಾರ್ಡು ಹಗುರಾಗುತ್ತದೆ.

ಮಧ್ಯಾಹ್ನ ತಂಬ್ರಹಳ್ಳಿಯಿಂದ ಗೀತಾಂಜಲಿಯನ್ನು ಕರೆತಂದರು. ಚೊಚ್ಚಲು ಹೆರಿಗೆ. ಜೊತೆಗೆ ಅತ್ತೆ ಜಂಬಮ್ಮ, ಗಂಡ ಗಾದಿಲಿಂಗ, ಅವನ ಸೋದರಮಾವ ಮೈಲಾರೇಶ್. ಗಾದಿಲಿಂಗನ ಗಡ್ಡ ಕೊರಳು ಮುಚ್ಚಿತ್ತು. ಹೆಂಡತಿ ಬಸುರಾದ ಮೇಲೆ ಕತ್ತರಿ, ಬ್ಲೇಡು ಮುಟ್ಟಿಸದ ನೇಮ. "ಎಷ್ಟು ನಿಷ್ಠಿ ನೋಡು, ಪುಣ್ಯವಂತ. ಕುಂದ್ರಪ್ಪ," ಎಂದು ಚೌಡಕ್ಕ ಅವನಿಗೆ ಹೊರಗೆ ಸ್ಟೂಲು ಹಾಕಿ ಒಳಬಂದಳು.

ಗೀತಾಂಜಲಿಯ ಲಂಗ ಸರಿಸಿದಾಗ ಅವಳ ಕೈ ನಿಂತಿತು. ಬೋಳಿಸಿದ ಚರ್ಮದ ತುಂಬ ಗೀರುಗಳು. ಒಂದೆರಡು ಕಡೆ ರಕ್ತ ಇನ್ನೂ ಜಿನುಗುತ್ತಿತ್ತು.

ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರವಿಟ್ಟು ಕೂಸಿನ ಎದೆಬಡಿತ ಹುಡುಕಿದರು. ಬಡಿತ ತೀರಾ ನಿಧಾನವಾಗಿತ್ತು.

"ನೀರು ಹೋಗಿದ್ದು ಯಾವಾಗ?"

"ಹೊತ್ತು ಹುಟ್ಟೋದ್ರಾಗರಿ," ಎಂದಳು ಜಂಬಮ್ಮ.

"ಇಷ್ಟೊತ್ತು ಏನ್ ಮಾಡ್ತಿದ್ರಿ?"

ಜಂಬಮ್ಮ ಚೌಡಕ್ಕನ ಕಡೆ ತಿರುಗಿ ಉತ್ತರಿಸಿದಳು. ಧ್ವನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. "ಹಸನ ಮಾಡ್ಕೊಂಡೇ ಕರ್ಕೊಂಬಂದೀನ್ರಿ. ಹೋದ ವರ್ಷ ಹಡಿಯಾಕ ಬಂದಾಗ ನನ್ನ ಮಗಳಿಗೆ ಎಲ್ರ ಮುಂದ ಕೂದ್ಲ ನೋಡಿ ಅಂದಿದ್ರಲ್ರಿ. ಇವತ್ತಿಗೂ ನೆನಸಿ ಅಳ್ತಾಳ ಆಕಿ. ಈಕಿ ನೋವಿನಾಗ ಒದ್ದಾಡಿದ್ಲು, ಬ್ಲೇಡ್ ತಾಗಿ ರಗತ ಬಂತು. ಅದು ನಿಲ್ಲಲಿ ಅಂತ ಕುಂತ್ವಿ. ಗಾಡಿ ಬಂದು ಬಾಗಿಲಾಗ ನಿಂತೇ ಇತ್ತು. ಈ ಸಲ ಬಯ್ಯಂಗಿಲ್ಲ ನೋಡ್ರಿ ನೀವು."

ಚೌಡಕ್ಕ ಹತ್ತಿ ತೆಗೆದು ಜಿನುಗುತ್ತಿದ್ದ ಗೀರುಗಳ ಮೇಲೆ ಒತ್ತಿದಳು.

ಕೂಸು ಹುಟ್ಟಿತು, ಅಳಲಿಲ್ಲ. ಡಾಕ್ಟರಮ್ಮ ಬಹಳ ಹೊತ್ತು ಪ್ರಯತ್ನಪಟ್ಟು ಕೈಚೆಲ್ಲಿದರು. "ಬೆಳಿಗ್ಗೇನೇ ಬಂದಿದ್ರೆ ಉಳಿಸೋಕೆ ನೋಡಬಹುದಿತ್ತು," ಎಂದಷ್ಟೇ ಹೇಳಿ ಕೈಗವಸು ಕಳಚಿದರು.

ಬಿಸಿನೀರಿನಲ್ಲಿ ಬಟ್ಟೆಯದ್ದಿ ಚೌಡಕ್ಕ ಒರೆಸಲು ಬಂದಾಗ ಗೀತಾಂಜಲಿ ಮೊಣಕಾಲುಗಳನ್ನು ಬಿಗಿಯಾಗಿ ಜೋಡಿಸಿಕೊಂಡಳು. "ಇನ್ನಾ ಒಂಚೂರು ಉಳದೈತಿ, ಅಕ್ಕಾ," ಎಂದಳು ಕಣ್ಣು ತೆರೆಯದೆ. "ನಗಬ್ಯಾಡ್ರಿ."

ಹೊರಗಿನಿಂದ ಮೈಲಾರೇಶನ ದನಿ ಕೇಳುತ್ತಿತ್ತು. "ಇಂವ ಇಷ್ಟು ತಿಂಗ್ಳು ನೇಮ ಹಿಡಿದ. ಗಾಡಿ ಬಂದು ನಿಂತ್ರೂ ಆಕಿಗೆ ಟೈಮಿಗೆ ಎದ್ದು ಬರಾಕ ಆಗಲಿಲ್ಲ. ತವರಿಗೆ ಕಳ್ಸಿಬಿಡ್ಲೇ ಗಾದಿ. ಕೂಸು ನುಂಗಿದಾಕಿನ ಇಟ್ಕೊಂಡು ಏನ್ ಮಾಡ್ತಿ?"

ಜಂಬಮ್ಮ ಸೆರಗು ಬಾಯಿಗೊತ್ತಿ ಕೂತಿದ್ದಳು. ಗಂಡಸರೆದುರು ಬಿಡಿಸಿ ಹೇಳುವ ಸಂಗತಿಯಾಗಿರಲಿಲ್ಲ ಅದು.

ಚೌಡಕ್ಕ ಒದ್ದೆ ಬಟ್ಟೆ ಹಿಡಿದೇ ಬಾಗಿಲಿಗೆ ಬಂದಳು. "ಆಕಿದೇನೂ ತಪ್ಪಿಲ್ಲ. ಮೈಮ್ಯಾಲಿನ ಕೂದ್ಲ ಕಂಡ್ರ ನಾನು ಆಡ್ಕೊಂಡು ನಗ್ತೀನಿ ಅಂತ ಬ್ಲೇಡ್ ಹಿಡ್ಕೊಂಡು ಕುಂತ್ರು. ಅದಕ್ಕ ತಡಾ ಆತು."

"ಥೂ! ಹೆಂಗ್ಸಾದಾಕಿಗೆ ನಾಚ್ಕಿ ಬ್ಯಾಡೇನು?" ಮೈಲಾರೇಶ್ ಮುಖ ಕಿವಿಚಿದ.

"ಮುಖದ ತುಂಬ ಕೂದ್ಲ ಬಿಟ್ಕೊಂಡು ಬಂದೋನಿಗೆ ಸ್ಟೂಲ್ ಹಾಕಿ ಕುಂದ್ರಿಸೀನಿ. ಆಕಿಗೆ ನಾಚ್ಕಿ ಹಚ್ಚಿದಾಕಿನೂ ನಾನ."

ಗಾದಿಲಿಂಗ ತಲೆಯೆತ್ತಿದ. "ಏನಂತ ನಗ್ತಿದ್ರಿ?"

ಅವಳು ಹೇಳಿದಳು. ಹೇಳುವಾಗ ಆ ಮಾತು ತನ್ನ ಕಿವಿಗೇ ಹೊಲಸಾಗಿ ಕೇಳಿಸಿತು. ಹೊರಗಿನ ಬೆಂಚಿನ ಮೇಲೆ ಕಾದಿದ್ದವರಲ್ಲಿ ಯಾರೂ ನಗಲಿಲ್ಲ.

ಗಾದಿಲಿಂಗ ಸ್ಟೂಲು ಹಿಂದಕ್ಕೆ ತಳ್ಳಿದ. ಎದ್ದು, ಗಂಡಸರು ಕಾಲಿಡದ ಆ ಬಾಗಿಲಿನತ್ತ ನಡೆದ. ತಡೆಯುವುದು ಚೌಡಕ್ಕನ ಕೆಲಸ. ಅವಳು ಪಕ್ಕಕ್ಕೆ ಸರಿದಳು.

ಗಂಡ ಮಂಚದ ಬಳಿ ಕುಕ್ಕರಿಸಿದ್ದು ತಿಳಿದು ಗೀತಾಂಜಲಿ ಲಂಗ ಕೆಳಗೆಳೆದುಕೊಳ್ಳಲು ತಡಕಾಡಿದಳು.

"ಇರ್ಲಿ ಬಿಡು," ಎಂದು ಗಾದಿಲಿಂಗ ಆ ಕೈ ಹಿಡಿದುಕೊಂಡ.