ಓರಗಿತ್ತಿಯ ನೀಲಿ ಬ್ಯಾಡ್ಜ್

ಆಸ್ಪತ್ರೆಯ ಕಾಗದದ ಫೈಲುಗಳನ್ನೆಲ್ಲ ಕಟ್ಟಿಟ್ಟು, ರೋಗಿಗಳ ವಿವರವನ್ನು ಇನ್ನು ಕಂಪ್ಯೂಟರಿನಲ್ಲೇ ಬರೆಯುವುದೆಂದು ತೀರ್ಮಾನವಾಯಿತು. ಉಳಿದವರಿಗೆ ಅದನ್ನು ಕಲಿಸುವವರಿಗೆ 'ಸೂಪರ್ ಯೂಸರ್' ಎಂಬ ನೀಲಿ ಬ್ಯಾಡ್ಜ್. ಹೆಂಗಸರ ವಾರ್ಡಿನ ದೊಡ್ಡ ಸಿಸ್ಟರ್ ಅದು ತನಗೇ ಎಂದುಕೊಂಡಿದ್ದಳು. ಸಿಕ್ಕಿದ್ದು ಅವಳ ಓರಗಿತ್ತಿಗೆ, ಮೈದುನನ ಹೆಂಡತಿಗೆ. ಇಂಜೆಕ್ಷನ್ ಕೊಡುವುದನ್ನು ಇವಳೇ ಕೈಹಿಡಿದು ಕಲಿಸಿದ ಹುಡುಗಿಗೆ. ಇವಳಿಗೆ ಆದದ್ದು ಹೊಟ್ಟೆಕಿಚ್ಚೇ, ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ತರಬೇತಿಯಲ್ಲಿ ದೊಡ್ಡವಳು ಕೊನೆಯ ಸಾಲಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಳು. ಚಿಕ್ಕವಳು ಒಂದೊಂದೇ ಪದ ಬಿಡಿಸಿ ಹೇಳಿದಳು. ಮೈಗ್ರೇಷನ್ ಎಂದರೆ ಹಳೆಯ ಫೈಲುಗಳು ಮನೆ ಬದಲಾಯಿಸುವುದು. ಸಾಗಿಸುವಾಗ ಏನಾದರೂ ಬಿಟ್ಟೇ ಹೋಗುತ್ತದೆ, ಹುಷಾರು. ಗೋ-ಲೈವ್ ಎಂದರೆ ಪೆನ್ನು ಕೆಳಗಿಡುವ ದಿನ. ಲಾಗಿನ್ ಎಂದರೆ ನಮ್ಮ ಸಹಿ. ಗಂಡ ಕಾಲಿಗೆ ಬಿದ್ದರೂ ಕೊಡಬಾರದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡವಳಿಗೆ ಮೈಯೆಲ್ಲ ಉರಿಯಿತು.

ಗೋ-ಲೈವ್ ದಿನ ಬೆಳಿಗ್ಗೆಯೇ ಅವಳ ಪಾಸ್‌ವರ್ಡ್ ತಪ್ಪಿ ತಪ್ಪಿ ಲಾಕ್ ಆಯಿತು. ಬಿಡಿಸಿಕೊಡಬೇಕಾದವಳು ಚಿಕ್ಕವಳು. ಅವಳ ಮುಂದೆ ಹೋಗಿ ಕೈಕಟ್ಟಿ ನಿಲ್ಲುವುದೇ? ಸತ್ತರೂ ಇಲ್ಲ. ಅಷ್ಟರಲ್ಲಿ, ಆ ವಾರ್ಡಿನಲ್ಲೇ ಕೂತಿದ್ದ ಚಿಕ್ಕವಳನ್ನು ಪಕ್ಕದ ವಾರ್ಡಿನಿಂದ ಯಾರೋ ಕೂಗಿದರು. ಅವಳು ಲಾಗಿನ್ ಮುಚ್ಚದೆ ಓಡಿದಳು. ದೊಡ್ಡವಳು ಅತ್ತಿತ್ತ ನೋಡಿ ಅದೇ ಕುರ್ಚಿಯಲ್ಲಿ ಕೂತಳು. ತಪ್ಪಾದರೆ ಅವಳ ತಲೆಗೇ ಬರಲಿ ಎಂಬ ಸಣ್ಣತನವೂ ಒಳಗೆ ಇತ್ತು.

ಆದರೆ ಕೆಲಸ ಕೆಡಿಸಲು ಕೈ ಕೇಳಬೇಕಲ್ಲ. ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬ ವಿವರ ಹಳೆಯ ಫೈಲುಗಳಿಂದ ಬಂದೇ ಇರಲಿಲ್ಲ. ಅವಳು ಪ್ರತಿ ಹಾಸಿಗೆಯ ಹತ್ತಿರವೂ ಹೋಗಿ, ಕೇಳಿ, ಚಿಕ್ಕವಳು ಮರಳುವಷ್ಟರಲ್ಲಿ ಎಲ್ಲವನ್ನೂ ತುಂಬಿದಳು. ಮಧ್ಯಾಹ್ನ ಡಾಕ್ಟರು ಒಬ್ಬ ಬಾಣಂತಿಗೆ ಇಂಜೆಕ್ಷನ್ ಬರೆಯುತ್ತಿದ್ದಂತೆ, ಅದು ಅವಳಿಗೆ ಒಗ್ಗದೆಂದು ಪರದೆ ಕೆಂಪಾಗಿ ತಡೆಯಿತು.

ಸಂಜೆಯ ಸಭೆಯಲ್ಲಿ ನಿರ್ದೇಶಕರು ಒಂದು ಜೀವ ಉಳಿಯಿತೆಂದು ಚಿಕ್ಕವಳನ್ನು ಬಾಯ್ತುಂಬ ಹೊಗಳಿದರು. ಕಂಪ್ಯೂಟರಿನಲ್ಲಿ ಇದ್ದದ್ದು ಅವಳ ಹೆಸರು. ಚಪ್ಪಾಳೆ ಬಿತ್ತು. ಅದು ತನ್ನ ಕೆಲಸವೆಂದು ದೊಡ್ಡವಳು ಹೇಳಿಕೊಂಡರೆ ಕದ್ದು ಕೂತದ್ದೂ ಹೊರಬೀಳುತ್ತದೆ.

ಲಾಕ್ ಆದವರ ಹೆಸರುಗಳು ಚಿಕ್ಕವಳಿಗೆ ಬೆಳಿಗ್ಗೆಯೇ ಬಂದಿದ್ದವು. ಅವಳು ದೊಡ್ಡವಳ ಮುಖ ನೋಡಿದಳು, ಎಲ್ಲ ಅರ್ಥವಾಯಿತು.

"ಅದು ನಾನಲ್ಲ ಸಾರ್, ನಮ್ಮಕ್ಕ. ಅವರ ಪಾಸ್‌ವರ್ಡ್ ಲಾಕ್ ಆಗಿತ್ತು, ನಾನೇ ನನ್ನ ಲಾಗಿನ್ನಲ್ಲಿ ಕೂರಿಸ್ದೆ. ತಪ್ಪು ನಂದು."

ಕಲಿಸುವವಳೇ ನಿಯಮ ಮುರಿದರೆ ಹೇಗೆ ಎಂದು ನಿರ್ದೇಶಕರು ಗದರಿದರು. ಬ್ಯಾಡ್ಜ್ ಕಳಚಿ ದೊಡ್ಡ ಸಿಸ್ಟರಿಗೆ ಕೊಡುವಂತೆ ಹೇಳಿದರು. ಮತ್ತೆ ಚಪ್ಪಾಳೆ.

ಚಿಕ್ಕವಳೇ ಬಂದು ಪಿನ್ನು ಹಾಕಿದಳು. "ಸೊಟ್ಟಗಾಯ್ತು, ತಾಳಿ ಅಕ್ಕಾ," ಎಂದು ಸರಿಮಾಡಿದಳು.

ಬಯಸಿದ್ದು ಎದೆಯ ಮೇಲೇ ಇತ್ತು. ಅವಳ ಜಾಗದಲ್ಲಿ ತಾನಿದ್ದಿದ್ದರೆ ಹೊಗಳಿಕೆ ಬಿಟ್ಟುಕೊಟ್ಟು ತಪ್ಪು ಹೊರುತ್ತಿದ್ದೆನೇ ಎಂದು ದೊಡ್ಡವಳು ಕೇಳಿಕೊಂಡಳು. ಇಲ್ಲ. ಹೊಟ್ಟೆ ಮತ್ತೆ ಉರಿಯತೊಡಗಿತು, ಬೆಳಿಗ್ಗೆಗಿಂತ ಜೋರಾಗಿ.