ಮೂರನೇ ಸಿಲಿಂಡರ್

ಇಂಜಿನ್ ಶುರುವಾಯಿತು ಎಂದು ಚಿತ್ತಯ್ಯನಿಗೆ ಗೊತ್ತಾದದ್ದು ಮಡ್‌ಗಾರ್ಡ್ ಮೇಲಿಟ್ಟಿದ್ದ ಸ್ಪ್ಯಾನರ್ ಕುಣಿಯತೊಡಗಿದ ಮೇಲೆ. ಗಾಡಿಯ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿ ಏದುಸಿರು ಬಿಡುತ್ತಿದ್ದ ಕಾಟಲಿಂಗಪ್ಪ ನೆಟ್ಟಗೆ ನಿಂತು ಏನೋ ಕೇಳಿದ. ಕೇಳಿದ ಎಂಬುದು ಅವನ ಹುಬ್ಬಿನಿಂದ ತಿಳಿಯಿತು. ಏನು ಕೇಳಿದ ಎಂಬುದು ಅವನ ದಪ್ಪ ಮೀಸೆಯೊಳಗೇ ಉಳಿಯಿತು. ಚಿತ್ತಯ್ಯ ಹೂಂ ಎಂದು ತಲೆಯಾಡಿಸಿದ. ಅದು ಹೂಂ ಎಂದು ಉತ್ತರಿಸುವ ಪ್ರಶ್ನೆಯಾಗಿರಲಿಲ್ಲವೋ ಏನೋ, ಕಾಟಲಿಂಗಪ್ಪ ಒಂದು ಗಳಿಗೆ ಅವನನ್ನೇ ನೋಡಿ, ಆಮೇಲೆ ಜುಂಜಯ್ಯನ ಕಡೆ ತಿರುಗಿದ. ಚಿತ್ತಯ್ಯ ಬೀಡಿಗಾಗಿ ಜೇಬು ತಡಕಿದ.

ಶ್ರೀರಾಂಪುರದಲ್ಲಿ ರಸ್ತೆಗೆ ಅಂಟಿಕೊಂಡ ಕಾಟಲಿಂಗಪ್ಪನ ಕಣದಲ್ಲಿ ಆ ಪಿಕಪ್ ನಿಂತು ಒಂದು ವರ್ಷದ ಮೇಲಾಗಿತ್ತು. ಮಿಲಿಟರಿ ಹರಾಜಿನಲ್ಲಿ ಬಂದ ಗಾಡಿ. ಹಸಿರಿನ ಮೇಲೆ ನೀಲಿ ಬಳಿದಿದ್ದರು, ಆ ನೀಲಿಯನ್ನೂ ತುಕ್ಕು ತಿಂದಿತ್ತು. ಪೆಟ್ರೋಲ್ ರೇಟು ಏರಿದ ಮೇಲೆ ಅವನು ತೆಂಗಿನಕಾಯಿ ಹೇರುವುದನ್ನು ಬಿಟ್ಟು ಗಾಡಿ ಮಾರಲು ಹೊರಟಿದ್ದ. ಕೊಳ್ಳಲು ಬಂದವನು ಆದಿವಾಲದ ಕಡೆಯ ಗೊಲ್ಲರಹಟ್ಟಿಯ ಜುಂಜಯ್ಯ. ಕುರಿಗಳನ್ನು ಸಂತೆಗೆ ನಡೆಸಿಕೊಂಡು ಹೋಗಿ, ಅವುಗಳ ಮೈಯನ್ನೆಲ್ಲ ದಾರಿಯಲ್ಲೇ ಇಳಿಸುವುದು ಸಾಕಾಗಿ, ಗಾಡಿಗೆಂದೇ ನಲವತ್ತು ಕುರಿ ಮಾರಿದ್ದ. ಉಳಿದದ್ದು ಹದಿನಾರು. ತಂದ ಗಾಡಿ ಕೈಕೊಟ್ಟರೆ ಆ ಹದಿನಾರರ ಹಿಂದೆ ಮತ್ತೆ ನಡೆಯಬೇಕು. "ನಂಗೆ ಗಾಡಿ ಗೊತ್ತಿಲ್ಲ, ನೀನು ಗೊತ್ತು ಚಿತ್ತಣ್ಣ. ನೀನು ಹೂಂ ಅಂದ್ರೆ ತಗಂತೀನಿ" ಎಂದು ಬಸ್ಸಿನಲ್ಲಿ ಮೂರು ಸಲ ಹೇಳಿದ್ದ. ಮೂರನೇ ಸಲ ಚಿತ್ತಯ್ಯನಿಗೆ ಅರ್ಥವಾಗಿತ್ತು.

ಹಿರಿಯೂರಿನಲ್ಲಿ ಚಿತ್ತಯ್ಯನ ಗ್ಯಾರೇಜಿಗೆ ಹೆಸರು ಬಂದದ್ದೇ ಅವನ ಕಿವಿಯಿಂದ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ, ಒಳಗೆ ಯಾವುದು ಸವೆದಿದೆ ಎಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಸವೆದಿರುತ್ತಿತ್ತು. ಇಪ್ಪತ್ತೈದು ವರ್ಷ ಇಂಜಿನ್ನುಗಳ ಮೇಲೆ ಬಗ್ಗಿದ್ದಕ್ಕೋ, ಸುತ್ತಿಗೆ ಬಡಿದದ್ದಕ್ಕೋ, ಮೊದಲು ಎಡಗಿವಿ ಹೋಯಿತು; ಈ ಯುಗಾದಿಯಿಂದೀಚೆಗೆ ಬಲಗಿವಿಯೂ ಹೋಗಿತ್ತು. ಇದು ಗೊತ್ತಿದ್ದದ್ದು ಹೆಂಡತಿ ಮುದ್ದಕ್ಕನೊಬ್ಬಳಿಗೇ. ಅವಳು ಎದುರು ಬಂದು ನಿಂತು ಬಾಯಿ ಅಗಲಿಸಿ ಮಾತಾಡುತ್ತಿದ್ದಳು. ಮಿಕ್ಕವರ ಹತ್ತಿರ ತುಟಿ ನೋಡಿ, ಬೀಡಿ ಹಚ್ಚಿ, ಸುಳ್ಳೇ ಕೆಮ್ಮಿ, ಹೇಗೋ ದಿನ ತಳ್ಳುತ್ತಿದ್ದ. ಹೋದ ತಿಂಗಳು ಸರಿಯಾಗಿದೆ ಎಂದು ಕಳಿಸಿದ ಲಾರಿಯೊಂದರ ಗೇರ್‌ಬಾಕ್ಸ್ ಊರು ದಾಟುವ ಮೊದಲೇ ಪುಡಿಯಾಗಿತ್ತು. ಡ್ರೈವರ್ ಒಳ್ಳೆಯವನು, ನಕ್ಕು ಬಿಟ್ಟುಬಿಟ್ಟ. ಎರಡನೇ ಸಲ ಯಾರೂ ನಗುವುದಿಲ್ಲ. ಕಿವುಡ ಮೇಸ್ತ್ರಿಯ ಹತ್ತಿರ ಯಾರು ಗಾಡಿ ಬಿಡುತ್ತಾರೆ? ಚಿತ್ತಯ್ಯ ಈಗ ಊಟಕ್ಕೆ ಕೂತರೂ ಹೆದರಿಕೊಂಡೇ ಕೂರುತ್ತಿದ್ದ.

ಇಂಜಿನ್ ಶುರು ಮಾಡುವವರೆಗಿನ ಕೆಲಸ ಸಲೀಸಾಗಿತ್ತು. ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿ, ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಯನ್ನು ಉದ್ದಕ್ಕೂ ಬೆರಳಿನಿಂದ ತಡವಿ, ಬಿರುಕಿಲ್ಲವೆಂದು ನೋಡಿದ್ದ. ಹಿಂದೆ ಸಾಮಾನು ತುಂಬುವ ಕಡೆಯ ಹಲಗೆಗಳು ಕೊಳೆತಿದ್ದವು. ಅದು ಬಡಗಿಯ ಕೆಲಸ. ಜುಂಜಯ್ಯನೂ ಸುಮ್ಮನಿರಲಾರದೆ, ಕುರಿಯ ಬೆನ್ನು ಹಿಡಿದು ನೋಡುವ ಹಾಗೆ ಗಾಡಿಯ ಪಕ್ಕೆಯನ್ನು ಅಲ್ಲಲ್ಲಿ ಒತ್ತಿ, ಬಾಗಿಲಿನ ತುಕ್ಕಿನೊಳಕ್ಕೆ ಬೆರಳು ಹೋದಾಗ ಗಾಬರಿಯಾಗಿದ್ದ. ಆದರೆ ಎಣ್ಣೆ ನೋಡುವ ಕಡ್ಡಿ ತೆಗೆದು ಉಜ್ಜಿದಾಗ ಚಿತ್ತಯ್ಯನ ಕೈ ನಿಂತಿತು. ಎಣ್ಣೆ ಬೆಲ್ಲದ ಪಾಕದಷ್ಟು ಗಟ್ಟಿಯಾಗಿತ್ತು. ಇಂಜಿನ್ನಿನೊಳಗೆ ಏನಾದರೂ ಬಡಿಯುತ್ತಿದ್ದರೆ ಆ ಸದ್ದು ಮುಚ್ಚಲು ಹೀಗೆ ಗಟ್ಟಿ ಎಣ್ಣೆ ಸುರಿಯುತ್ತಾರೆ. ಬಿಸಿಯಾಗಿ ಎಣ್ಣೆ ತೆಳುವಾದ ಮೇಲೆ ಸದ್ದು ಹೊರಬೀಳುತ್ತದೆ. ಹಳೆಯ ಆಟ. ಮೊದಲಾಗಿದ್ದರೆ ಚಿತ್ತಯ್ಯ ನಕ್ಕು, ಬೀಡಿ ಹಚ್ಚಿ, ಆ ಸದ್ದಿಗಾಗಿ ಕಾಯುತ್ತಿದ್ದ.

ಈಗಲೂ ಕಾದ. ಕಾಲು ಗಂಟೆ ಇಂಜಿನ್ ಓಡಿದ ಮೇಲೆ ಸ್ಕ್ರೂಡ್ರೈವರ್ ಒತ್ತಿ ಹಿಡಿಯನ್ನು ಕಿವಿಗಿಟ್ಟ. ದೂರದ ಹಳ್ಳದಲ್ಲಿ ನೀರು ಹರಿದಂಥ ಗುಂಯ್ ಒಂದು ಬಿಟ್ಟರೆ ಏನೂ ಇಲ್ಲ. ವಾಡಿಕೆಯಂತೆ ಕಣ್ಣು ಮುಚ್ಚಲು ಹೋಗಿ ಬೆಚ್ಚಿ ತೆರೆದ. ಕಣ್ಣು ಮುಚ್ಚಿದಾಗ ಯಾರಾದರೂ ಮಾತಾಡಿಸಿದರೆ? ಯಾರಿಗೂ ಕಾಣದಂತೆ ಬಾನೆಟ್ಟಿನ ಕೆಳಗೆ ಬಗ್ಗಿ ಕಿವಿಗೆ ಸಿಗದ್ದು ಹಲ್ಲಿಗಾದರೂ ಸಿಗಲಿ ಎಂದು ಹಿಡಿಯನ್ನು ಕಚ್ಚಿದ. ಹಲ್ಲಿಗೆ ಏನೋ ಬಡಿಯಿತು, ಬಿಡದೆ ಬಡಿಯಿತು. ಅದು ಇಂಜಿನ್ನಿನದೋ, ತನ್ನ ಎದೆಯದೋ? ಎದೆಯೂ ಅಷ್ಟೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ತಲೆಯೆತ್ತಿ ತಿರುಗಿದರೆ ಜುಂಜಯ್ಯ, ಕಾಟಲಿಂಗಪ್ಪ ಇಬ್ಬರೂ ನಗುತ್ತಿದ್ದರು. ಯಾವುದಕ್ಕೆ ಎಂದು ತಿಳಿಯಲಿಲ್ಲ. ಅವನೂ ನಕ್ಕ.

"ಹೆಂಗೈತೆ ಅಣ್ಣ?" ಎಂದಿತು ಜುಂಜಯ್ಯನ ತುಟಿ.

ಬೇಡ ಎಂದುಬಿಡುವುದು ಸುಲಭವಾಗಿತ್ತು. ಕೊಳ್ಳದೆ ಬಿಟ್ಟ ಗಾಡಿ ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಯಾರೂ ಬಿಚ್ಚಿ ನೋಡುವುದಿಲ್ಲ. ತನ್ನ ಗುಟ್ಟು ಉಳಿಯುತ್ತದೆ. ಆದರೆ ಇಂಥ ಚಾಸಿ ಈ ರೇಟಿಗೆ ಇವನಿಗೆ ಇನ್ನೆಲ್ಲಿ ಸಿಗಬೇಕು? ಬೇಡ ಎನ್ನಲೆಂದೇ ಬಾಯಿ ತೆರೆದ. ನಾಚಿಕೆಯಾಗಿ ಮುಚ್ಚಿದ. ಜುಂಜಯ್ಯ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಆ ಟವಲ್ ನೋಡಿ ಚಿತ್ತಯ್ಯನಿಗೆ ಕುರಿಸಂತೆ ನೆನಪಾಯಿತು. ಅಲ್ಲಿ ವ್ಯಾಪಾರದವರು ಸುತ್ತಲಿನವರಿಗೆ ತಿಳಿಯದಿರಲಿ ಎಂದು, ಟವಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು, ಬಾಯಿ ಬಿಡದೆ ರೇಟು ಮುಗಿಸುತ್ತಾರೆ.

ಕಾಟಲಿಂಗಪ್ಪ ಬೇವಿನ ನೆರಳಿಗೆ ಸರಿಯುವವರೆಗೆ ತಡೆದು, ಚಿತ್ತಯ್ಯ ಜುಂಜಯ್ಯನನ್ನು ಇಂಜಿನ್ನಿನ ಹತ್ತಿರ ಎಳೆದುಕೊಂಡ. "ಗಾಡಿ ನಿಂದು. ಸದ್ದು ನೀನೇ ಕೇಳ್ಬೇಕು."

"ನಂಗೇನು ತಿಳೀತದಣ್ಣ ಇದ್ರಾಗೆ?"

"ಮಂದೆಯಾಗೆ ಯಾವ ಕುರಿ ಕೆಮ್ತು ಅಂತ ಮಲಗಿದ್ದಲ್ಲೇ ಹೇಳ್ತೀಯಲ್ಲ, ಇದೂ ಹಂಗೇ. ಬಾಯಿ ಬಿಡಬ್ಯಾಡ, ಯಜಮಾನ್ರು ಹುಷಾರಾಗ್ತಾರೆ. ಟವಲ್ ಕೆಳಗೆ ಕೈ ಕೊಡು. ಒಳಗೆ ಹೆಂಗೆ ಬಡಿತದೋ ಹಂಗೇ ನನ್ನ ಅಂಗೈಗೆ ಬಡಿ."

ಜುಂಜಯ್ಯ ಸ್ಕ್ರೂಡ್ರೈವರಿಗೆ ಕಿವಿಗೊಟ್ಟು ಕಣ್ಣು ಮುಚ್ಚಿದ. ಟವಲಿನ ಕೆಳಗೆ ಅವನ ಬೆರಳು ಮೊದಲು ಸುಮ್ಮನಿತ್ತು. ಆಮೇಲೆ ಬಡಿಯತೊಡಗಿತು, ಬೇಗ ಬೇಗ, ಗಟ್ಟಿಯಾಗಿ. ಹಾಗಾದರೆ ಹಲ್ಲಿಗೆ ಸಿಕ್ಕಿದ್ದು ಎದೆಬಡಿತವಲ್ಲ. ಚಿತ್ತಯ್ಯ ಇನ್ನೊಂದು ಕೈಯಿಂದ ಮೊದಲನೇ ಪ್ಲಗ್ಗಿನ ವೈರು ಕಳಚಿದ. ವೈರು ಕಳಚಿದ ಸಿಲಿಂಡರ್ ಕೆಲಸ ಬಿಡುತ್ತದೆ; ಬಡಿತ ಅದರದ್ದೇ ಆದರೆ ತಗ್ಗಬೇಕು. ಬೆರಳು ಹಾಗೇ ಬಡಿಯಿತು. ಅದನ್ನು ಸಿಕ್ಕಿಸಿ ಎರಡನೆಯದನ್ನು ಕಳಚಿದ. ಹಾಗೇ ಬಡಿಯಿತು. ಮೂರನೆಯದನ್ನು ಕಳಚಿದಾಗ ಬೆರಳು ಮೆತ್ತಗಾಯಿತು, ಬಡಿಯಿತೋ ಇಲ್ಲವೋ ಅನ್ನುವಷ್ಟು. ನಾಲ್ಕಕ್ಕೆ ಮತ್ತೆ ಗಟ್ಟಿ. ಚಿತ್ತಯ್ಯನಿಗೆ ಅಳು ಬರುವ ಹಾಗಾಯಿತು. ಕೆಟ್ಟದ್ದು ಮೂರನೇ ಸಿಲಿಂಡರಿನ ಬೇರಿಂಗ್ ಒಂದೇ. ಅದೊಂದನ್ನು ಹೊಸದು ಹಾಕಿದರೆ ಗಾಡಿ ಹತ್ತು ವರ್ಷ ಕುರಿ ಹೊರುತ್ತದೆ.

"ಯಜಮಾನ್ರೆ, ಮೂರನೇ ಬೇರಿಂಗ್ ಹೋಗೈತೆ," ಎಂದು ಕೂಗಿದ. "ಅದಕ್ಕೇ ಅಲ್ವ ಈ ಪಾಕ ಸುರ್ದಿರೋದು?"

ಕಾಟಲಿಂಗಪ್ಪ ನೆರಳಿನಿಂದ ಈಚೆ ಬಂದು ಒಂದು ಸಲ ಮೀಸೆ ಸವರಿಕೊಂಡ. ಆಮೇಲೆ ಅವನು ರೇಟಿನಲ್ಲಿ ಇಳಿದ. ಜುಂಜಯ್ಯ ಇನ್ನಷ್ಟು ಇಳಿಸಿದ. ಹೊತ್ತು ನೆತ್ತಿಗೇರುವುದರೊಳಗೆ ವ್ಯಾಪಾರ ಮುಗಿಯಿತು.

"ಹೋಗಾಣ?" ಎಂದ ಜುಂಜಯ್ಯ, ಮೈಯೆಲ್ಲ ನಗುತ್ತ. ಬೇರಿಂಗಿಗೆ ಭಾರ ಬೀಳದಿರಲೆಂದು ಚಿತ್ತಯ್ಯ ಮೂರನೇ ವೈರು ಕಳಚಿಟ್ಟು, ಉಳಿದ ಮೂರರಲ್ಲೇ ನಿಧಾನಕ್ಕೆ ಹಿರಿಯೂರು ಸೇರುವುದೆಂದು ಸ್ಟೇರಿಂಗ್ ಹಿಡಿದ. ಪಾರಾದೆ ಅನ್ನಿಸಿತ್ತು ಅವನಿಗೆ. ಕಣದ ಗೇಟಿನ ಬಲಕ್ಕೆ ಹುಲ್ಲಿನ ಬಣವೆ, ಅದರಾಚೆ ರಸ್ತೆ ಕಾಣುತ್ತಿರಲಿಲ್ಲ. ಗಾಡಿಯ ಮೂತಿ ರಸ್ತೆಗೆ ಇಳಿಯಿತು. ಅಷ್ಟರಲ್ಲಿ ಜುಂಜಯ್ಯ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಎಳೆದ.

ಚಿತ್ತಯ್ಯನ ಕಾಲು ತಾನಾಗಿ ಬ್ರೇಕಿಗೆ ಬಿತ್ತು. ಒಂದು ಗೇಣು ಮುಂದೆ, ಕೆಂಪು ಬಸ್ಸೊಂದು ಧೂಳೆಬ್ಬಿಸಿ ಹಾದುಹೋಯಿತು. ಕಿಟಕಿಗಳಲ್ಲಿ ಸಾಲಾಗಿ ಮುಖಗಳು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರನ ಬಾಯಿ ತೆರೆದು ಮುಚ್ಚಿ, ಮತ್ತೆ ತೆರೆಯಿತು. ಪಿಕಪ್ ಜಗ್ಗಿ ನಿಂತು ಇಂಜಿನ್ ಆರಿತು. 

ಜುಂಜಯ್ಯ ಬೆಳ್ಳಗಾದ ಮುಖವನ್ನು ಅವನ ಕಡೆ ತಿರುಗಿಸಿದ. "ಅಷ್ಟು ಹಾರ್ನ್ ಹೊಡೆದ್ನಲ್ಲಣ್ಣ. ನಾನೂ ಕೂಗಿದೆ. ನಿಂಗೆ ಕೇಳ್ಲಿಲ್ವ?"

ಇನ್ನೂ ಒಂದು ಸುಳ್ಳು ಚಿತ್ತಯ್ಯನ ಹತ್ತಿರವಿತ್ತು. ಪೆಡಲ್ ನೋಡುತ್ತಿದ್ದೆ ಎನ್ನಬಹುದಿತ್ತು. ಆದರೆ ಹಿರಿಯೂರಿನವರೆಗೆ ಈ ಮನುಷ್ಯ ತನ್ನನ್ನು ನಂಬಿ ಪಕ್ಕದಲ್ಲಿ ಕೂತಿರುತ್ತಾನೆ. ದಾರಿಯುದ್ದಕ್ಕೂ ಬಸ್ಸು, ಲಾರಿ. ಅವನನ್ನು ಕೊಂದುಬಿಟ್ಟೇನು ಎಂಬ ಹೆದರಿಕೆ ಮಿಕ್ಕ ಹೆದರಿಕೆಗಳನ್ನೆಲ್ಲ ಮೀರಿತು. ಚಿತ್ತಯ್ಯ ಅತ್ತಿತ್ತ ನೋಡಿ, ಜುಂಜಯ್ಯನ ಕಡೆ ಬಗ್ಗಿ, ಅವನ ಕಿವಿಯ ಹತ್ತಿರ ಬಾಯಿ ತಂದು, ಮುದ್ದಕ್ಕನನ್ನು ಬಿಟ್ಟು ಯಾರಿಗೂ ಹೇಳದಿದ್ದುದನ್ನು ಪಿಸುಗುಟ್ಟಿದ.

"ನಂಗೆ ಕಿವಿ ಕೇಳಲ್ಲ ಜುಂಜಯ್ಯ. ಎರಡೂ ಕೇಳಲ್ಲ. ಯಾರಿಗೂ ಹೇಳಬ್ಯಾಡ."

ಅವನ ಮಟ್ಟಿಗೆ ಅದು ಪಿಸುಮಾತೇ. ಜುಂಜಯ್ಯ ಬೆಚ್ಚಿ ಹಿಂದಕ್ಕೆ ಸರಿದು ಕಿವಿಗೆ ಕೈ ಅಡ್ಡ ಹಿಡಿದ. ಗೇಟು ಮುಚ್ಚಲು ಬಂದಿದ್ದ ಕಾಟಲಿಂಗಪ್ಪ ನಿಂತಲ್ಲೇ ನಿಂತ. ರಸ್ತೆಯಾಚೆ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದವರೆಲ್ಲ ಟೀ ಲೋಟಗಳನ್ನು ಬಾಯಿಗೆ ಒಯ್ಯುವುದು ಬಿಟ್ಟು, ಚಿತ್ತಯ್ಯನನ್ನೇ ನೋಡುತ್ತಿದ್ದರು.

 ಜುಂಜಯ್ಯ ಸೀಟಿನ ಕೆಳಗಿನಿಂದ ಹ್ಯಾಂಡಲ್ ಎಳೆದುಕೊಂಡು ಕೆಳಗಿಳಿದು, ಗಾಡಿಯ ಮುಂದೆ ಹೋಗಿ ನಿಂತ. ಅದನ್ನು ತಿರುಗಿಸುವ ಮೊದಲು, ಚಿತ್ತಯ್ಯನ ಕಣ್ಣು ಆ ಬೆಂಚಿನಿಂದ ಬಿಡಿಸಿಕೊಂಡು ತನ್ನ ಕಡೆ ಬರಲಿ ಎಂದು, ಸನ್ನೆ ಮಾಡಲು ಕೈಯೆತ್ತಿಕೊಂಡು ಬಿಸಿಲಿನಲ್ಲಿ ಕಾಯುತ್ತ ನಿಂತ.